ಮೊಹರು, ಮೆಹಂದಿ ಅಚ್ಚು ಮತ್ತು ಈದ್ ಕಾರ್ಡು

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಅಂಗೀಕಾರವಾಯಿತು. ಅದರ ಹಿಂದೆಯೇ ಪೌರತ್ವದ ನೋಂದಣಿಯೂ ಬರಲಿದೆ ಎಂಬ ಮಾತು ಹಬ್ಬಿತು. ನಾಡಿನ ಎಷ್ಟೋ ಮನೆಗಳಲ್ಲಿ ನಡೆದಂತೆ ಗುಂಡ್ಲುಪೇಟೆಯ ನಮ್ಮ ಮನೆಯಲ್ಲೂ ಕಾಗದಪತ್ರಗಳ ಹುಡುಕಾಟ ಶುರುವಾಯಿತು. ಅಟ್ಟದ ಮೇಲಿದ್ದ ಅಮ್ಮಿಯ ತಗಡಿನ ಟ್ರಂಕನ್ನು ಇಳಿಸಿ, ನಡುಮನೆಯಲ್ಲಿ ಚಾಪೆ ಹಾಸಿ, ಒಂದೊಂದೇ ಕಾಗದ ತೆಗೆದು ನೋಡಿದೆವು. ನಮಗೆ ಬೇಕಿದ್ದುದು ಮೊಹರು ಬಿದ್ದ ಕಾಗದ. ಶಾಲೆಯ ವರ್ಗಾವಣೆ ಪತ್ರ, ಕಂದಾಯದ ರಸೀದಿ, ಹಳೆಯ ಪಡಿತರ ಚೀಟಿ, ಇಂಥವು. ಗುಂಡನೆಯ ನೇರಳೆ ಮುದ್ರೆ ಕಂಡಲ್ಲೆಲ್ಲ ಅದನ್ನು ಜೋಪಾನವಾಗಿ ಒಂದು ಕಡೆ ಇಟ್ಟೆವು. ಮುದ್ರೆ ಇಲ್ಲದ್ದನ್ನು ಇನ್ನೊಂದು ಕಡೆ ರಾಶಿ ಹಾಕಿದೆವು.

ಆ ರಾಶಿಯಲ್ಲಿ ಈದ್ ಕಾರ್ಡುಗಳ ಒಂದು ಕಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಮನೆಯಲ್ಲೇ ಮಾಡಿದವು. ಕೆಲವು ಚಾಮರಾಜನಗರದ ಖಾಲಾ ಕಳಿಸಿದವು, ಕೆಲವು ಮೈಸೂರು, ನಂಜನಗೂಡುಗಳಿಂದ ಬಂದವು. ನಮ್ಮ ಆಪಾ ಮಾಡಿ, ಯಾಕೋ ಕಳಿಸದೆ ಉಳಿಸಿಕೊಂಡವೂ ಇದ್ದವು. ಎಲ್ಲವನ್ನೂ ಹಳೆಯ ಪತ್ರಿಕೆಗಳ ಜೊತೆ ಸೇರಿಸಿ ರದ್ದಿಯವನಿಗೆ ತೂಕಕ್ಕೆ ಹಾಕಿಬಿಟ್ಟೆವು. ಕಥೆ ಬರೆಯುವವರು ನಾವು. ಹಳೆಯದನ್ನು ಕಾಪಾಡಬೇಕೆಂದು ಸಭೆಗಳಲ್ಲಿ ಮಾತಾಡಿದವರೂ ಹೌದು. ಆ ದಿನ ನಮಗೆ ಅದಾವುದೂ ನೆನಪಾಗಲಿಲ್ಲ. ಪುಸ್ತಕವೊಂದರ ನಡುವೆ ಗುರುತಿಗೆಂದು ಇಟ್ಟಿದ್ದ ಒಂದೇ ಒಂದು ಕಾರ್ಡು ಹೇಗೋ ಉಳಿದುಕೊಂಡಿತು. ಅದನ್ನು ಮುಂದಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇವೆ.

ಈ ಕಾರ್ಡಿನಲ್ಲಿ ಏನಿದೆ? ದಪ್ಪ ಡ್ರಾಯಿಂಗ್ ಹಾಳೆಯನ್ನು ನಡುವೆ ಮಡಿಚಲಾಗಿದೆ. ಅಂಚನ್ನು ಕತ್ತರಿಯಿಂದ ಅಲೆ ಅಲೆಯಾಗಿ ಕತ್ತರಿಸಲಾಗಿದೆ. ಮುಖಪುಟದಲ್ಲಿ ಮೆಹರಾಬಿನ ಆಕಾರದ ಒಂದು ಕಿಂಡಿ, ಕಿಂಡಿಯ ಹಿಂದೆ ಹಸಿರು ತೆಳುಕಾಗದ, ಅದರ ಮೇಲೆ ಬೇಗಡೆಯ ಚಂದ್ರ. ಒಳಗೆ ಐದು ಎಸಳಿನ ಕೆಂಪು ಹೂಗಳ ಸಾಲು. ನಡುವೆ ಉರ್ದುವಿನಲ್ಲಿ ‘ಈದ್ ಮುಬಾರಕ್’, ಅದರ ಕೆಳಗೆ ಕನ್ನಡದಲ್ಲೂ ಅದೇ. ಎರಡೂ ಕೈಬರಹವಲ್ಲ, ಒತ್ತಿದ ಅಚ್ಚು.

ಇದನ್ನು ಇಂದಿನ ಮಕ್ಕಳಿಗೆ ತೋರಿಸಿದರೆ ‘ಕ್ರಾಫ್ಟ್’ ಎನ್ನುತ್ತಾರೆ. ಬೆಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಇಂಥದ್ದಕ್ಕೆ ಬೇಕಾದ ರಬ್ಬರ್ ಅಚ್ಚು, ಬಣ್ಣದ ಪ್ಯಾಡು, ಹೂವಿನ ಆಕಾರಕ್ಕೆ ಕಾಗದ ಕತ್ತರಿಸುವ ಯಂತ್ರ ಎಲ್ಲ ಸಿಗುತ್ತವೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇವೆಲ್ಲ ಅಮೆರಿಕದಿಂದ ಬಂದ ಹವ್ಯಾಸ ಎಂಬ ನಂಬಿಕೆ ಸಾಮಾನ್ಯವಾಗಿದೆ. ಸಾಮಗ್ರಿಯ ಮಟ್ಟಿಗೆ ಅದು ನಿಜವಿರಬಹುದು. ಆದರೆ ಕಾಗದವನ್ನು ಸಿಂಗರಿಸುವುದೂ ಅಚ್ಚೊತ್ತಿ ಕೊಡುವುದೂ ನಮ್ಮ ನೆಲಕ್ಕೆ ಹೊಸದೇ?

ಮೊದಲು ಮಾತುಗಳನ್ನೇ ನೋಡೋಣ. ಕನ್ನಡದ ‘ಕಾಗದ’ ಪಾರಸಿಯ ಕಾಗಝ್. ‘ಮೊಹರು’ ಪಾರಸಿಯ ಮುಹ್ರ್. ಕಲಮು, ದೌತಿ, ದಫ್ತರ, ರುಜು ಎಲ್ಲವೂ ಅದೇ ದಾರಿಯಲ್ಲಿ ಬಂದವು. ಅವುಗಳ ಪಕ್ಕದಲ್ಲೇ ‘ಮುದ್ರೆ’, ‘ಅಚ್ಚು’, ‘ಒತ್ತು’ ಎಂಬ ನಮ್ಮವೇ ಪದಗಳೂ ಇವೆ. ಕಚೇರಿಯಲ್ಲಿ ಮೊಹರು, ದೇವಸ್ಥಾನದಲ್ಲಿ ಮುದ್ರೆ, ಅಡುಗೆ ಮನೆಯಲ್ಲಿ ಅಚ್ಚು. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಹೆಂಗಸರೇ ಎರೆಯುತ್ತಾರೆ. ಮೊಹರು ಮಾತ್ರ ಬಹುಕಾಲ ಗಂಡಸರ ಕೈಯಲ್ಲಿ, ಅದೂ ಅಧಿಕಾರವಿದ್ದವರ ಕೈಯಲ್ಲಿ ಇತ್ತು.

ಮೊಹರಿನ ಚರಿತ್ರೆಯಲ್ಲಿ ಮುಸ್ಲಿಮರಿಗೆ ಚಿರಪರಿಚಿತವಾದ ಪ್ರಸಂಗವೊಂದಿದೆ. ಪ್ರವಾದಿ ಮುಹಮ್ಮದ್(ಸ)ರು ನೆರೆಯ ಅರಸರಿಗೆ ಪತ್ರ ಬರೆಸಲು ಹೊರಟಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ಸಂಗಾತಿಗಳು ತಿಳಿಸಿದರು. ಆಗ ಬೆಳ್ಳಿಯ ಉಂಗುರವೊಂದನ್ನು ಮಾಡಿಸಿ, ಅದರ ಮೇಲೆ ‘ಮುಹಮ್ಮದ್’, ‘ರಸೂಲ್’, ‘ಅಲ್ಲಾಹ್’ ಎಂಬ ಮೂರು ಪದಗಳನ್ನು ಮೂರು ಸಾಲಿನಲ್ಲಿ ಕೊರೆಸಲಾಯಿತು. ಆ ಉಂಗುರ ಮುಂದೆ ಖಲೀಫರ ಕೈಯಿಂದ ಕೈಗೆ ಬಂದು, ಉಸ್ಮಾನ್(ರ)ರ ಕಾಲದಲ್ಲಿ ಅರೀಸ್ ಎಂಬ ಬಾವಿಗೆ ಬಿದ್ದುಹೋಯಿತು. ಬಾವಿಯ ನೀರನ್ನೆಲ್ಲ ಬತ್ತಿಸಿ ಹುಡುಕಿದರೂ ಸಿಗಲಿಲ್ಲ ಎಂದು ಹದೀಸ್ ಗ್ರಂಥಗಳು ಹೇಳುತ್ತವೆ. ಮುದ್ರೆ ಹೋಯಿತು, ಪತ್ರಗಳ ಕಥೆ ಉಳಿಯಿತು.

ನಮ್ಮ ಸೀಮೆಗೆ ಬರೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನರ ಗ್ರಂಥಾಲಯ ಇಂಗ್ಲಿಷರ ಪಾಲಾಯಿತು. ಸುಮಾರು 2000 ಹಸ್ತಪ್ರತಿಗಳಿದ್ದ ಆ ಭಂಡಾರದ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ ಎಂಬವನು 1809ರಲ್ಲಿ ಪ್ರಕಟಿಸಿದ. ಆ ಪಟ್ಟಿಯಲ್ಲಿ ಪುಸ್ತಕಗಳ ರಟ್ಟಿನ ಬಗ್ಗೆ ಒಂದು ವಿವರವಿದೆ. ಶ್ರೀರಂಗಪಟ್ಟಣದಲ್ಲೇ ಕಟ್ಟಿಸಿದ ಪುಸ್ತಕಗಳ ರಟ್ಟಿನ ನಡುವೆ ಪದಕದಂಥ ಅಚ್ಚು ಇರುತ್ತಿತ್ತು. ಅದರಲ್ಲಿ ಅಲ್ಲಾಹನ, ಪ್ರವಾದಿಯವರ, ಫಾತಿಮಾ, ಹಸನ್, ಹುಸೈನ್‌ರ ಹೆಸರುಗಳು. ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು. ಮೇಲೆ ‘ಸರ್ಕಾರೆ ಖುದಾದಾದ್’, ಕೆಳಗೆ ‘ಅಲ್ಲಾಹ್ ಕಾಫಿ’. ಕೆಲವು ಪುಸ್ತಕಗಳ ಮೇಲೆ ಸುಲ್ತಾನರ ಖಾಸಗಿ ಮೊಹರೂ ಇತ್ತು. ಟಿಪ್ಪುವಿನ ಖಡ್ಗದ ಬಗ್ಗೆ ನಮ್ಮಲ್ಲಿ ನಡೆದಿರುವಷ್ಟು ಜಗಳ ಆತನ ಪುಸ್ತಕಗಳ ಬಗ್ಗೆ ನಡೆದಿದ್ದರೆ ಚೆನ್ನಾಗಿತ್ತು. ಆ ರಟ್ಟುಗಳನ್ನು ಕಟ್ಟಿ ಅಚ್ಚೊತ್ತಿದ ಜಿಲ್ದುಗಾರರು ಯಾರು ಎಂಬುದನ್ನು ಸ್ಟೂವರ್ಟ್ ಬರೆದಿಲ್ಲ. ಪಟ್ಟಿ ಮಾಡುವವರು ಒಡೆಯನ ಹೆಸರು ಬರೆದುಕೊಳ್ಳುತ್ತಾರೆ, ಕೆಲಸಗಾರನದ್ದನ್ನಲ್ಲ.

ಮೊಹರಿಗೆ ಅರಗು ಬೇಕು. ಕಾಡಿನ ಮರಗಳ ಕೊಂಬೆಗೆ ಅಂಟಿಕೊಂಡ ಸಣ್ಣ ಕೀಟಗಳು ಸ್ರವಿಸುವ ಅಂಟಿದು. ಲಕೋಟೆಯ ಮೇಲೆ ಕರಗಿಸಿ ಸುರಿದು, ಹಿತ್ತಾಳೆಯ ಮುದ್ರೆಯನ್ನು ಒತ್ತಿದರೆ ಮುಗಿಯಿತು, ಒಡೆಯದೆ ತೆರೆಯುವಂತಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ ಈ ಮೊಹರಿನ ಅರಗನ್ನು ತಯಾರಿಸಿತು. ಅದೇ ಕಾರ್ಖಾನೆ 1962ರ ಮಹಾಚುನಾವಣೆಯಿಂದ ಮತದಾರನ ಬೆರಳಿಗೆ ಹಚ್ಚುವ, ಅಳಿಸಲಾಗದ ಶಾಯಿಯನ್ನೂ ಕೊಡುತ್ತಿದೆ. ಅದರಲ್ಲಿ ಬೆಳ್ಳಿಯ ಲವಣವಿದೆ, ಬೆಳಕು ತಾಗಿದಾಗ ಕಪ್ಪಾಗುತ್ತದೆ. ಬೆರಳ ತುದಿಯಲ್ಲಿ ಮೆಹಂದಿ ಇದ್ದ ಹೆಂಗಸರು ಚುನಾವಣೆಯ ದಿನ ‘ಎಲ್ಲಿ ಹಚ್ಚಲಮ್ಮಾ’ ಎಂದು ಕೇಳಿಸಿಕೊಂಡ ತಮಾಷೆಯನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬೇಕು.

ರಬ್ಬರಿನ ಮೊಹರು ಬಂದಾಗ ಈ ಅಧಿಕಾರ ಸ್ವಲ್ಪ ಅಗ್ಗವಾಯಿತು. ಬೇಸಿಗೆಯಲ್ಲಿ ಮೆತ್ತಗಾಗಿ ಅಂಟುವ, ಚಳಿಯಲ್ಲಿ ಬಿರುಕು ಬಿಡುವ ಹಸಿ ರಬ್ಬರು ಯಾವ ಕೆಲಸಕ್ಕೂ ಬಾರದು. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗಿಯೂ ಪುಟಿಯುವಂತೆಯೂ ಆಗುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1860ರ ದಶಕದಲ್ಲಿ ಅಲ್ಲಿಯೇ ರಬ್ಬರ್ ಮೊಹರು ಹುಟ್ಟಿತು. ಮೊದಲಿಗ ತಾನೇ ಎಂದು ಒಬ್ಬರಿಗಿಂತ ಹೆಚ್ಚು ಮಂದಿ ಹೇಳಿಕೊಂಡರು. ಆ ಕಾಲದಲ್ಲಿ ದಂತವೈದ್ಯರು ಕಟ್ಟು ಹಲ್ಲಿನ ವಸಡನ್ನು ರಬ್ಬರಿನಿಂದ ಎರಕ ಹೊಯ್ಯುತ್ತಿದ್ದರು. ಅವರ ಸಣ್ಣ ಬಿಸಿ ಪಾತ್ರೆಗಳೇ ಮೊದಲ ಮೊಹರುಗಳ ಒಲೆಯೂ ಆದವು. ಹಲ್ಲು ಕಟ್ಟುವ ಕೆಲಸದಿಂದ ಅಕ್ಷರ ಕಟ್ಟುವ ಕೆಲಸ ಬಂತು ಎಂದರೆ ತಪ್ಪಾಗದು.

ಚಾಮರಾಜನಗರದಲ್ಲಿ ನಾವು ಬಾಲ್ಯದಲ್ಲಿ ಕಂಡ ಮೊಹರಿನ ಅಂಗಡಿ ಒಂದು ಬಾಗಿಲಿನಷ್ಟು ಅಗಲವಿತ್ತು. ಅಂಗಡಿಯವರು ಸೀಸದ ಮೊಳೆಗಳನ್ನು ಚಿಮಟದಿಂದ ಹಿಡಿದು ಒಂದೊಂದೇ ಅಕ್ಷರ ಜೋಡಿಸುತ್ತಿದ್ದರು. ಜೋಡಿಸಿದ್ದನ್ನು ಚೌಕಟ್ಟಿನಲ್ಲಿ ಬಿಗಿದು, ಹಸಿ ಪ್ಲಾಸ್ಟರಿನ ಮೇಲೆ ಒತ್ತಿ ಅಚ್ಚು ತೆಗೆಯುತ್ತಿದ್ದರು. ಅದು ಒಣಗಿದ ಮೇಲೆ, ಸುಣ್ಣದಂಥ ಬಿಳಿ ಪುಡಿ ಸವರಿದ ಹಸಿ ರಬ್ಬರಿನ ತುಂಡನ್ನು ಅದರ ಮೇಲಿಟ್ಟು, ತಿರುಪಿನ ಒತ್ತುಯಂತ್ರದಲ್ಲಿ ಬಿಗಿದು ಕಾಯಿಸುತ್ತಿದ್ದರು. ಹತ್ತು ಹದಿನೈದು ನಿಮಿಷಕ್ಕೆ ಅಂಗಡಿಯ ತುಂಬ ಗಂಧಕದ ವಾಸನೆ. ಯಂತ್ರ ಬಿಚ್ಚಿದರೆ ಸುಟ್ಟ ಹೋಳಿಗೆಯ ಬಣ್ಣದ ರಬ್ಬರಿನ ಮೇಲೆ ತಿರುವುಮುರುವಾದ ಅಕ್ಷರಗಳು. ಅದನ್ನು ಕತ್ತರಿಸಿ ಮರದ ಹಿಡಿಗೆ ಅಂಟಿಸಿದರೆ ‘ಪ್ರಧಾನ ಮುಖ್ಯೋಪಾಧ್ಯಾಯರು’ ಎಂಬುದೋ ‘ಕಾರ್ಯದರ್ಶಿಗಳು’ ಎಂಬುದೋ ಸಿದ್ಧ.

ಉರ್ದು ಮೊಹರು ಮಾತ್ರ ಅವರಿಗೆ ದೊಡ್ಡ ತಲೆನೋವು. ಕನ್ನಡದ, ಇಂಗ್ಲಿಷಿನ ಮೊಳೆಗಳಿದ್ದವು, ಉರ್ದುವಿನ ಮೊಳೆ ಇರಲಿಲ್ಲ. ಕಾತಿಬರ ಕೈಯಲ್ಲಿ ಬರೆಸಿ, ಮೈಸೂರಿಗೋ ಬೆಂಗಳೂರಿಗೋ ಕಳಿಸಿ ಸತುವಿನ ಬ್ಲಾಕು ಮಾಡಿಸಿ ತರಬೇಕಿತ್ತು. ನಸ್ತಾಲೀಕ್ ಬರಹದ ಸ್ವಭಾವವೇ ಹಾಗೆ. ಅಕ್ಷರಗಳು ಒಂದರ ಹೆಗಲ ಮೇಲೆ ಒಂದು ಕೂತು ಇಳಿಜಾರಿನಲ್ಲಿ ಜಾರುತ್ತವೆ, ಮೊಳೆಗಳ ಸಾಲಿಗೆ ಒಗ್ಗುವುದಿಲ್ಲ. 1981ರ ಸುಮಾರಿಗೆ ನೂರಿ ನಸ್ತಾಲೀಕ್ ಎಂಬ ಗಣಕಯಂತ್ರದ ಲಿಪಿ ಬರುವ ತನಕ ಉರ್ದು ಪತ್ರಿಕೆಗಳು ಕಾತಿಬರ ಕೈಯನ್ನೇ ನಂಬಿದ್ದವು. ಚೆನ್ನೈಯಲ್ಲಿ 1927ರಲ್ಲಿ ಆರಂಭವಾದ ‘ಮುಸಲ್ಮಾನ್’ ದಿನಪತ್ರಿಕೆ ಈ ಶತಮಾನದಲ್ಲೂ ಕೈಬರಹದಲ್ಲೇ ಹೊರಬರುತ್ತಿತ್ತು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೀಸಲಾತಿ ಬಂದ ಮೇಲೆ ‘ರಬ್ಬರ್ ಸ್ಟಾಂಪ್’ ಎಂಬುದು ನಮ್ಮ ಕಡೆ ಬೈಗುಳವಾಯಿತು. ಗಂಡ ಹೇಳಿದಲ್ಲಿ ರುಜು ಹಾಕುವ ಅಧ್ಯಕ್ಷೆಗೆ ಆ ಹೆಸರು. ಅದೇ ಮನೆಗಳ ಹೆಣ್ಣುಮಕ್ಕಳು ಅಡುಗೆ ಮನೆಯಲ್ಲಿ ಕೂತು ತಮ್ಮದೇ ಅಚ್ಚುಗಳನ್ನು ಕೊರೆದು ತಮ್ಮದೇ ಮಾತನ್ನು ಒತ್ತುತ್ತಿದ್ದರು ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಅಚ್ಚಿನ ಮಾತಾಯಿತು. ಇನ್ನು ಸಿಂಗಾರದ ಕಾಗದ. ಗುಂಡ್ಲುಪೇಟೆಗೆ ಹಿಂದೆ ವಿಜಯಪುರ ಎಂಬ ಹೆಸರಿತ್ತು, ಇಲ್ಲಿನ ವಿಜಯನಾರಾಯಣ ದೇಗುಲ ಅದನ್ನು ಈಗಲೂ ನೆನಪಿಸುತ್ತದೆ. ರಾಜ್ಯದ ಇನ್ನೊಂದು ತುದಿಯಲ್ಲಿ, 2014ರಲ್ಲಿ ಅಧಿಕೃತವಾಗಿ ವಿಜಯಪುರವೆಂದಾದ ಬಿಜಾಪುರವಿದೆ. ಹದಿನೇಳನೆಯ ಶತಮಾನದಲ್ಲಿ ಆದಿಲ್‌ಶಾಹಿಗಳ ಆ ಊರಿನಲ್ಲಿ ಒಂದು ಬೆರಗಿನ ಕಾಗದ ಕಲೆ ಇತ್ತು. ಅದರ ಹೆಸರು ‘ಅಬ್ರಿ’. ಪಾರಸಿಯಲ್ಲಿ ಅಬ್ರ್ ಎಂದರೆ ಮೋಡ. ಮೆಂತ್ಯದ ಲೋಳೆಯಿಂದ ಮಂದ ಮಾಡಿದ ನೀರಿನ ಮೇಲೆ ಬಣ್ಣದ ಹನಿಗಳನ್ನು ಬಿಟ್ಟು, ಅವು ತೇಲಿ ಹರಡಿದಾಗ ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆಯುತ್ತಾರೆ. ಮೋಡದಂತೆ, ಅಮೃತಶಿಲೆಯ ಗೆರೆಗಳಂತೆ ವಿನ್ಯಾಸ ಮೂಡುತ್ತದೆ. ಅದರ ಮೇಲೆ ಕಾಗದವನ್ನು ಮೆಲ್ಲನೆ ಹಾಸಿ ಎತ್ತಿದರೆ ನೀರಿನ ಚಿತ್ತಾರ ಕಾಗದಕ್ಕೆ ಬಂದುಬಿಡುತ್ತದೆ. ಎರಡನೆಯ ಬಾರಿ ಅದೇ ಚಿತ್ತಾರ ಬರದು.

ಇರಾನ್, ತುರ್ಕಿಗಳಲ್ಲೂ ಈ ಕಲೆ ಇತ್ತು, ಅಲ್ಲಿ ಹೆಚ್ಚಾಗಿ ಪುಸ್ತಕದ ಅಂಚಿಗೆ ಬಳಸುತ್ತಿದ್ದರು. ಬಿಜಾಪುರದವರು ಒಂದು ಹೆಜ್ಜೆ ಮುಂದೆ ಹೋದರು. ಕಾಗದದ ಕೆಲವು ಭಾಗಗಳಿಗೆ ಬಣ್ಣ ತಾಗದಂತೆ ಮರೆ ಮಾಡಿ, ಉಳಿದ ಕಡೆ ಮಾತ್ರ ಚಿತ್ತಾರ ಇಳಿಸಿ, ಕುದುರೆ, ಆನೆ, ಮನುಷ್ಯರ ಆಕೃತಿಗಳನ್ನೇ ಮೋಡದ ಕಾಗದದಿಂದ ಮೂಡಿಸಿದರು. ಎಲುಬಿನ ಹಂದರವಾದ ಕುದುರೆಯ ಮೇಲೆ ಕೂತ ಸಂನ್ಯಾಸಿಯ ಇಂಥ ಒಂದು ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. 1686ರಲ್ಲಿ ಔರಂಗಜೇಬನ ಸೇನೆ ಬಿಜಾಪುರವನ್ನು ಗೆದ್ದ ಮೇಲೆ ಅಂಥ ಕಲಾವಿದರಿಗೆ ಅಲ್ಲಿ ಆಶ್ರಯ ಉಳಿಯಲಿಲ್ಲ. ಗೋಲಗುಮ್ಮಟಕ್ಕೆ ಬಸ್ಸುಗಟ್ಟಲೆ ಮಕ್ಕಳು ಹೋಗಿ ಕೂಗಿ ಬರುತ್ತಾರೆ. ಆ ಊರು ಕಾಗದದ ಮೇಲೆ ಮೋಡ ಇಳಿಸಿತ್ತೆಂದು ಅವರಿಗೆ ಯಾರೂ ಹೇಳುವುದಿಲ್ಲ. ಹೇಳುವ ನಾವೂ ಅದನ್ನು ತಿಳಿದದ್ದು ನಲವತ್ತರ ಗಡಿ ದಾಟಿದ ಮೇಲೆ.

ಕಲ್ಲಿಗೆ ಇರುವ ಆಯುಸ್ಸು ಕಾಗದಕ್ಕಿಲ್ಲ, ಅದೇ ತೊಡಕು. ಅರಿಕುಠಾರ ಎಂಬ ಊರಿಗೆ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟು ಚಾಮರಾಜನಗರ ಮಾಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಅವರು ಅಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಾಲಯ ಎಲ್ಲರಿಗೂ ಗೊತ್ತು. ಅದೇ ಅರಸರು ಕಾರ್ಡುಗಳ ಹುಚ್ಚಿನವರೂ ಆಗಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಇದು ಆಟದ ಕಾರ್ಡು, ಗಂಜೀಫ. ಮೊಗಲರ ಜೊತೆ ಪಾರಸಿ ನಾಡಿನಿಂದ ಬಂದ ಈ ಆಟಕ್ಕೆ ಮೈಸೂರಿನಲ್ಲಿ ದಶಾವತಾರ, ನವಗ್ರಹಗಳೆಲ್ಲ ಸೇರಿಕೊಂಡವು. ಹೊಸ ಹೊಸ ಆಟಗಳನ್ನು ಅರಸರು ತಾವೇ ಕಟ್ಟಿ ‘ಶ್ರೀತತ್ತ್ವನಿಧಿ’ಯಲ್ಲಿ ವಿವರಿಸಿದರು. ಪದರ ಪದರ ಅಂಟಿಸಿ ಗಟ್ಟಿ ಮಾಡಿದ ಎಲೆಗಳ ಮೇಲೆ ಅಳಿಲಿನ ಕೂದಲಿನಂಥ ಕುಂಚದಿಂದ ಬರೆದ ದೇವತೆಗಳು ಅಂಗೈಯಲ್ಲಿ ಹಿಡಿಸುತ್ತಿದ್ದರು. ನಮ್ಮ ಕಾಲದಲ್ಲಿ ಈ ಕಲೆಗೆ ಮರುಜೀವ ಕೊಟ್ಟ ರಘುಪತಿ ಭಟ್ಟರ ಹೆಸರಿನ ಹಿಂದೆ ‘ಗಂಜೀಫ’ ಎಂಬುದು ಮನೆತನದ ಹೆಸರಿನಂತೆ ಸೇರಿಕೊಂಡಿದೆ.

ಅರಮನೆಯಿಂದ ಬೀದಿಗೆ ಇಳಿದರೆ ಮೊಹರ್ರಂ ಸಿಗುತ್ತದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಅದು ‘ಬಾಬಯ್ಯನ ಹಬ್ಬ’. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ನಡೆದದ್ದುಂಟು. ಬಿದಿರಿನ ಸೀಳುಗಳನ್ನು ಕಟ್ಟಿ ಗೋಪುರದಂಥ ಚೌಕಟ್ಟು ಮಾಡುತ್ತಾರೆ, ಅದಕ್ಕೆ ಮೈದಾ ಹಿಟ್ಟಿನ ಅಂಟಿನಿಂದ ಬಣ್ಣದ ತೆಳುಕಾಗದ. ಕಾಗದವನ್ನು ನಾಲ್ಕು, ಎಂಟು ಮಡಿಕೆ ಮಡಿಚಿ ಕತ್ತರಿಯ ಮೊನೆಯಿಂದ ಕತ್ತರಿಸಿ ಬಿಡಿಸಿದರೆ ಇಡೀ ಜಾಲಂಧ್ರ ತೆರೆದುಕೊಳ್ಳುತ್ತದೆ. ಮೇಲೆ ಬೇಗಡೆಯ ಹೂ, ಕನ್ನಡಿಯ ಚೂರು. ಹತ್ತನೆಯ ದಿನ ಆ ತಾಬೂತು ಕೆರೆಗೆ ಹೋಗುತ್ತದೆ. ಇದನ್ನೆಲ್ಲ ಧರ್ಮದ ಹೆಸರಿನಲ್ಲಿ ಮಾಡುವುದು ಸರಿಯೇ ಎಂಬ ಪ್ರಶ್ನೆ ನಮ್ಮ ಸಮಾಜದಲ್ಲಿ ಬಹಳ ಹಿಂದಿನಿಂದಲೂ ಇದೆ, ಅನೇಕ ವಿದ್ವಾಂಸರು ಒಪ್ಪಿಲ್ಲ. ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಕತ್ತರಿ ಹಿಡಿದ ಕೈಯ ಮಾತಷ್ಟೇ ನಮ್ಮದು. ಇದೇ ಬೇಗಡೆ, ಇದೇ ಕಾಗದ ಹಿಂದೂ ಮದುವೆಯ ಬಾಸಿಂಗದಲ್ಲೂ ಇತ್ತು, ಗಣಪತಿಯ ಮಂಟಪದಲ್ಲೂ ಇತ್ತು, ಮುಸ್ಲಿಂ ವರನ ಸೆಹ್ರಾದಲ್ಲೂ ಇತ್ತು.

ಸೆಹ್ರಾ ಎಂದರೆ ವರನ ಮುಖದ ಮುಂದೆ ಇಳಿಬಿಡುವ ಹೂವಿನ ಸರ. ಅದರ ಹೆಸರಿನಲ್ಲೇ ಒಂದು ಬಗೆಯ ಕವನವೂ ಇದೆ. 1852ರಲ್ಲಿ ಕೊನೆಯ ಮೊಗಲ್ ದೊರೆ ಬಹಾದುರ್ ಶಾ ಜಫರನ ಮಗ ಜವಾನ್ ಬಖ್ತನ ಮದುವೆಗೆ ಗಾಲಿಬ್ ಒಂದು ಸೆಹ್ರಾ ಬರೆದರೆ, ಅದಕ್ಕೆ ಎದುರಾಗಿ ಝೌಕ್ ಇನ್ನೊಂದು ಬರೆದ ಕಥೆ ಉರ್ದು ಬಲ್ಲವರಿಗೆಲ್ಲ ಗೊತ್ತು. ನಮ್ಮ ಸೀಮೆಯಲ್ಲಿ ಸೆಹ್ರಾವನ್ನು ಗುಲಾಬಿ ಬಣ್ಣದ ಕಾಗದದ ಮೇಲೆ, ಹೂಬಳ್ಳಿಯ ಅಂಚು ಹಾಕಿ ಅಚ್ಚು ಮಾಡಿಸಿ ನಿಕಾಹಿನ ದಿನ ಹಂಚುತ್ತಿದ್ದರು. ಕವಿತೆಯಲ್ಲಿ ಮಾವಂದಿರು, ಚಾಚಾಗಳು, ಬಾವಂದಿರು ಎಲ್ಲರ ಹೆಸರೂ ಬರಬೇಕು, ಒಬ್ಬರದು ಬಿಟ್ಟುಹೋದರೆ ವರ್ಷಗಟ್ಟಲೆ ಮಾತು ಬಿಡುವುದೂ ಇತ್ತು. ಪಕ್ಕದ ಬೀದಿಯಲ್ಲಿ ಅದೇ ವಾರ ಲಗ್ನಪತ್ರಿಕೆ ಹಂಚುತ್ತಿದ್ದರು, ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿ. ಗುಂಡ್ಲುಪೇಟೆಯ ಸುತ್ತ ಬೆಳೆಯುವುದೇ ಅರಿಸಿನ, ಅದಕ್ಕೇನು ಬರ?

ಇನ್ನು ಈದ್ ಕಾರ್ಡು. ಇದು ಮಾತ್ರ ಹೊರಗಿನಿಂದಲೇ ಬಂದದ್ದು, ಒಪ್ಪಿಕೊಳ್ಳೋಣ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಕ್ರಿಸ್‌ಮಸ್ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಚಿತ್ರಕಾರ ಹಾರ್ಸ್‌ಲಿಯಿಂದ ಚಿತ್ರ ಬರೆಸಿ ಕಾರ್ಡು ಅಚ್ಚು ಹಾಕಿಸಿದ, ಉಳಿದದ್ದನ್ನು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕಿಟ್ಟ. ಅದರಲ್ಲಿ ಮನೆಮಂದಿಯೆಲ್ಲ ಮದ್ಯ ಕುಡಿಯುವ ಚಿತ್ರವಿತ್ತೆಂದು ಪಾನವಿರೋಧಿಗಳು ಗದ್ದಲ ಮಾಡಿದರು. ಅದೇ 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೆಗಳ ಚರಿತ್ರೆ ಆರಂಭಿಸಿದರು ಎಂಬುದನ್ನು ನೆನೆದರೆ, ಎರಡೂ ಸುದ್ದಿ ಒಂದೇ ಹಡಗಿನಲ್ಲಿ ಹೊರಟಂತೆ ಕಾಣುತ್ತದೆ.

ಭಾರತದಲ್ಲಿ ಕಾರ್ಡು ಜನರ ಕೈಗೆ ಬರಲು ಅಂಚೆ ಅಗ್ಗವಾಗಬೇಕಿತ್ತು. 1879ರ ಜುಲೈ 1ರಂದು ಕಾಲಾಣೆಯ ಅಂಚೆ ಕಾರ್ಡು ಬಂತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ಓಲೆಕಾರರು ಹೊತ್ತು ನಡೆದ ಆ ‘ಮೈಸೂರು ಅಂಚೆ’ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಹೋರಿನ ಹಾಫಿಝ್ ಕಮರುದ್ದೀನ್ ಅಂಡ್ ಸನ್ಸ್, ಮುಂಬಯಿಯ ಈಸ್ಟರ್ನ್ ಕಮರ್ಷಿಯಲ್ ಏಜೆನ್ಸಿ ಮೊದಲಾದವರು ಈದ್ ಕಾರ್ಡು ಮಾರತೊಡಗಿದರು. ಮೊದಮೊದಲು ಯುರೋಪಿನಲ್ಲಿ ಅಚ್ಚಾದ ಹೂವಿನ, ಹಕ್ಕಿಯ, ದೊರೆಸಾನಿಯರ ಚಿತ್ರದ ಕಾರ್ಡುಗಳ ಮೇಲೆಯೇ ಇಲ್ಲಿ ಉರ್ದು ಶುಭಾಶಯವನ್ನು ಒತ್ತಿ ಮಾರುತ್ತಿದ್ದರು. ಅಂದರೆ ಈದ್ ಕಾರ್ಡು ಶುರುವಾದದ್ದೇ ಇನ್ನೊಬ್ಬರ ಕಾರ್ಡಿನ ಮೇಲೆ ನಮ್ಮದೊಂದು ಅಚ್ಚಿನಿಂದ.

ತಂತಿಯಲ್ಲೂ ಹಬ್ಬದ ಶುಭಾಶಯಕ್ಕೆ ಜಾಗವಿತ್ತು. ತಂತಿ ಕಚೇರಿಯಲ್ಲಿ ಶುಭಾಶಯಗಳಿಗೆ ಅಂಕಿ ಕೊಟ್ಟಿದ್ದರು. 1 ಎಂದರೆ ದೀಪಾವಳಿಯದು, 2 ಎಂದರೆ ಈದ್ ಮುಬಾರಕ್. ಅಂಕಿ ಬರೆದರೆ ಸಾಕು, ಆ ತುದಿಯಲ್ಲಿ ಪೂರ್ಣ ವಾಕ್ಯವಾಗಿ ತಲುಪುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ದೀಪಾವಳಿ, ಈದ್ ಎರಡೂ ಒಂದೇ ಪಟ್ಟಿಯಿಂದ ಮರೆಯಾದವು.

ನಮ್ಮ ಬಾಲ್ಯವೆಂದರೆ 80ರ ದಶಕದ ಕೊನೆ, 90ರ ದಶಕದ ಮೊದಲು. ರಮಝಾನಿನ ಕೊನೆಯ ಹತ್ತು ದಿನ ಬಂತೆಂದರೆ ಪೇಟೆಯ ಲೇಖನ ಸಾಮಗ್ರಿಯ ಅಂಗಡಿಯಲ್ಲಿ ಹಗ್ಗ ಕಟ್ಟಿ ಈದ್ ಕಾರ್ಡು ತೂಗುಹಾಕುತ್ತಿದ್ದರು. ಮಕ್ಕಾ, ಮದೀನಾ, ತಾಜಮಹಲ್, ಗುಲಾಬಿ. ಅವನ್ನು ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. ಅಪ್ಪನಿಗೆ ಅದು ದುಂದುವೆಚ್ಚ, ಕಾರ್ಡಿನ ದುಡ್ಡಿಗೆ ಯಾರಿಗಾದರೂ ಸೇವಿಗೆ ಕೊಡಿಸಬಹುದು ಎನ್ನುತ್ತಿದ್ದರು. ಅವರ ಮಾತಲ್ಲಿ ನ್ಯಾಯವಿತ್ತು. ಆದರೆ ಆಪಾ ಕೇಳುವವಳಲ್ಲ. ದುಡ್ಡಿಲ್ಲದೆ ಕಾರ್ಡು ಮಾಡುವ ದಾರಿ ಹುಡುಕಿದಳು.

ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡಲಾಗಿ ಕತ್ತರಿಸಿದರೆ ಐದು ಎಸಳಿನ ಹೂ. ಈರುಳ್ಳಿಯನ್ನು ಅರ್ಧ ಮಾಡಿದರೆ ಒಂದರೊಳಗೊಂದು ಉಂಗುರ. ಬಾಳೆಯ ದಿಂಡು ಜಾಲರಿ. ಎಲೆಯೊಂದನ್ನು ಹಾಳೆಯ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಬಾಚಣಿಗೆಗೆ ಉಜ್ಜಿದರೆ ತುಂತುರು ಬಿದ್ದು, ಎಲೆ ತೆಗೆದಾಗ ಅದರ ಆಕಾರ ಬಿಳಿಯಾಗಿ ಉಳಿಯುತ್ತಿತ್ತು. ಬಿಜಾಪುರದವರು ಕುದುರೆಗೆ ಮಾಡಿದ ಮರೆಯೂ ಇದೇ ಬಗೆಯದು ಎಂದು ಆಗ ನಮಗೇನು ಗೊತ್ತು? ಬಣ್ಣಕ್ಕೆ ಬ್ರಿಲ್ ಇಂಕು, ತಪ್ಪಿದರೆ ಬೀಟ್‌ರೂಟಿನ ರಸ. ರಸದ ಹೂ ಎರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪ ಕೆಲಸ ಮಾಡುತ್ತಿದ್ದಲ್ಲಿಂದ ಒಣಗಿದ ಸ್ಟಾಂಪ್ ಪ್ಯಾಡೊಂದು ಬಂದಿತ್ತು, ಅದಕ್ಕೆ ಎರಡು ಹನಿ ಗ್ಲಿಸರಿನ್ ಹಾಕಿದರೆ ಮತ್ತೆ ಜೀವ.

ಅಕ್ಷರಕ್ಕೆ ಆಲೂಗಡ್ಡೆ. ಬ್ಲೇಡಿನಿಂದ ತಿರುವುಮುರುವಾಗಿ ಕೊರೆಯಬೇಕು. ಕನ್ನಡದ ‘ಈ’ ಕೊರೆಯುವಷ್ಟರಲ್ಲಿ ಮೂರು ಆಲೂಗಡ್ಡೆ ಹಾಳಾಗಿ ಸಾರಿಗೆ ಹೋದವು. ಉರ್ದುವಿನದನ್ನು ಆಪಾ ಕನ್ನಡಿಯಲ್ಲಿ ನೋಡಿ ನಕಲು ಮಾಡಿದಳು. ಆಗ ನಮಗೊಂದು ಸೋಜಿಗ ಕಂಡಿತು. ಕನ್ನಡಿಯೊಳಗೆ ಉರ್ದು ಕನ್ನಡದಂತೆ ಎಡದಿಂದ ಬಲಕ್ಕೆ ಹರಿಯುತ್ತದೆ, ಕನ್ನಡ ಉರ್ದುವಿನಂತೆ ಬಲದಿಂದ ಎಡಕ್ಕೆ. ಬೆಳಿಗ್ಗೆ ಕನ್ನಡ, ಸಂಜೆ ಉರ್ದು ಕಲಿಯುತ್ತಿದ್ದ ನಮಗೆ ಅದು ಯಾವ ಪಾಠದಲ್ಲೂ ಸಿಗದ ಪಾಠ.

ಅಷ್ಟರಲ್ಲಿ ಮೆಹಂದಿ ಅಚ್ಚು ಬಂತು. ಅಂಗೈ ಅಗಲದ ರಬ್ಬರಿನ ಅಚ್ಚು. ಬಳ್ಳಿ, ನವಿಲು, ಮಾವಿನಕಾಯಿ. ಮೆಹಂದಿ ಹಚ್ಚಿ ಕೈಗೆ ಒತ್ತಿಕೊಂಡರೆ ಕ್ಷಣದಲ್ಲಿ ವಿನ್ಯಾಸ. ಕೈಗೆ ಅದು ಸರಿಯಾಗಿ ಮೂಡುತ್ತಿರಲಿಲ್ಲ, ಕಲಸಿಹೋಗುತ್ತಿತ್ತು. ಆಪಾ ಅದಕ್ಕೆ ಕೆಂಪು ಇಂಕು ಹಚ್ಚಿ ಕಾಗದಕ್ಕೆ ಒತ್ತಿದಳು. ಎಷ್ಟು ಚೆಂದ ಬಂತೆಂದರೆ, ಆ ವರ್ಷ ಬೀದಿಯ ಹುಡುಗಿಯರೆಲ್ಲ ತಮ್ಮ ತಮ್ಮ ಹಾಳೆ ಹಿಡಿದು ನಮ್ಮ ಮನೆಗೆ ಬಂದರು. ಜನವರಿಯಲ್ಲಿ ಅದೇ ಅಚ್ಚಿನಿಂದ ಪಕ್ಕದ ಮನೆಯವರ ಸಂಕ್ರಾಂತಿ ಗ್ರೀಟಿಂಗ್ಸೂ ಆಯಿತು.

ಲಕೋಟೆಯ ಬಾಯಿ ಅಂಟಿಸದೆ ಒಳಕ್ಕೆ ಮಡಿಚಿ, ಮೇಲೆ ‘ಬುಕ್‌ಪೋಸ್ಟ್’ ಎಂದು ಬರೆದರೆ ಅಂಚೆ ವೆಚ್ಚ ಕಡಿಮೆ. ಆದರೆ ಒಳಗೆ ಪತ್ರ ಬರೆಯುವಂತಿಲ್ಲ. ಮದುವೆಯಾಗಿ ದೂರ ಹೋದ ಗೆಳತಿಗೆ ಆಪಾ ಹೇಳಬೇಕಾದ ಮಾತು ಬೇಕಾದಷ್ಟಿತ್ತು. ಬರೆಯುವಂತಿಲ್ಲವಾದ್ದರಿಂದ ಗೆಳತಿಗೆ ಇಷ್ಟವಾದ ಹೂವನ್ನು ಒಂದು ಸಾಲು ಹೆಚ್ಚು ಒತ್ತುತ್ತಿದ್ದಳು. ಅದು ಅವರಿಬ್ಬರಿಗೆ ತಿಳಿಯುತ್ತಿತ್ತು.

ಮುಂದಿನದು ಎಲ್ಲರಿಗೂ ಗೊತ್ತು. ಮೊದಲು ಶಿವಕಾಶಿಯ ಹೊಳಪಿನ ಕಾರ್ಡುಗಳು ಅಗ್ಗವಾದವು, ಆಮೇಲೆ ಮೊಬೈಲಿನ ಸಂದೇಶ, ಈಗ ವಾಟ್ಸ್‌ಆ್ಯಪ್. ಚಾಂದ್ ಕಂಡ ಐದು ನಿಮಿಷಕ್ಕೆ ನೂರು ಮಸೀದಿಗಳ ಚಿತ್ರ ಬಂದು ಬೀಳುತ್ತವೆ. ಚಾಮರಾಜನಗರದ ಆ ಮೊಹರಿನ ಅಂಗಡಿಯಲ್ಲಿ ಈಗ ಲೇಸರ್ ಯಂತ್ರವಿದೆ. ಗಂಧಕದ ವಾಸನೆಯಿಲ್ಲ, ಉರ್ದುವೂ ಕನ್ನಡದಷ್ಟೇ ಸಲೀಸು. ಇದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಮೂರು ದಿನ ಕಾಯುತ್ತಿದ್ದ ಮದ್ರಸದ ಮೊಹರು ಮೂರು ಗಂಟೆಯಲ್ಲಿ ಸಿಗುವುದು ಒಳ್ಳೆಯದೇ.

ಉಳಿದಿರುವ ಈ ಕಾರ್ಡಿನ ಲಕೋಟೆಯನ್ನು ಮೊನ್ನೆ ಮತ್ತೆ ನೋಡಿದೆವು. ಅಂಚೆಚೀಟಿಯ ಮೇಲೆ ಗುಂಡನೆಯ ಕಪ್ಪು ಮುದ್ರೆಯಿದೆ. ‘ಚಾಮರಾಜನಗರ’ ಎಂಬುದು ಓದಲು ಬರುತ್ತದೆ, ಇಸವಿ ಅರ್ಧ ಅಳಿಸಿದೆ. ಹಿಂಬದಿಯಲ್ಲಿ ಗುಂಡ್ಲುಪೇಟೆಯ ಅಂಚೆ ಕಚೇರಿಯ ಮುದ್ರೆ. ಈ ವಿಳಾಸದಲ್ಲಿ ಈ ಹೆಸರಿನ ಹೆಂಗಸೊಬ್ಬಳು ವಾಸವಾಗಿದ್ದಳು, ಅವಳಿಗೆ ಇಂಥ ಊರಿಂದ ಹಬ್ಬದ ಶುಭಾಶಯ ಬಂದಿತ್ತು ಎಂದು ಸರಕಾರದ ಎರಡು ಮೊಹರುಗಳು ಹೇಳುತ್ತಿವೆ. 2019ರ ಆ ದಿನ ಮೊಹರಿಗಾಗಿ ಟ್ರಂಕನ್ನೆಲ್ಲ ಜಾಲಾಡಿದ ನಾವು ಲಕೋಟೆಗಳನ್ನು ತಿರುಗಿಸಿಯೂ ನೋಡಿರಲಿಲ್ಲ. ನೋಡಿದ್ದರೂ ಅದನ್ನು ದಾಖಲೆ ಎಂದು ಯಾವ ಕಚೇರಿಯವರು ಒಪ್ಪುತ್ತಿದ್ದರು?

ಕಳೆದ ಈದಿಗೆ ಮಗಳನ್ನು ಕೂರಿಸಿಕೊಂಡು ನಾವೂ ಒಂದು ಕಾರ್ಡು ಮಾಡಿದೆವು. ಡ್ರಾಯಿಂಗ್ ಹಾಳೆ, ಬೇಗಡೆಯ ಚಂದ್ರ, ಬೆಂಡೆಕಾಯಿಯ ಹೂ. ಅಂಚೆ ಕಚೇರಿಯ ಕಿಟಕಿಯಲ್ಲಿದ್ದ ತರುಣ ಅದನ್ನು ತಿರುಗಿಸಿ ನೋಡಿ, ‘ಸಾರ್, ಮದುವೆಯದಾ?’ ಎಂದು ಕೇಳಿ, ಮುದ್ರೆಯನ್ನು ಹೂವಿನ ಮೇಲೆ ಬೀಳದಂತೆ ಪಕ್ಕಕ್ಕೆ ಒತ್ತಿದ. ಐದನೆಯ ದಿನ ಆಪಾಳ ಫೋನು ಬಂತು. ಕಾರ್ಡು ತಲುಪಿದೆ, ಹೂ ಕಲಸಿಕೊಂಡಿದೆ, ಬೆಂಡೆಕಾಯಿ ಎಳೆಯದು ಆಯ್ದಿದ್ದೀರಿ, ಬಲಿತದ್ದನ್ನು ಕತ್ತರಿಸಿ ಒಂದು ಗಂಟೆ ಆರಲು ಬಿಟ್ಟು ಆಮೇಲೆ ಒತ್ತಬೇಕು ಎಂದಳು.